ದಾರಿ ತಪ್ಪಿದ ಪಿತ್ತ

ಹೊಟ್ಟೆಯ ನಡುಗೆರೆಯಲ್ಲಿ ಚಾಕು ಇಳಿಯುತ್ತದೆ. ಮೊದಲು ಚರ್ಮ, ಅದರಡಿ ಹಳದಿ ಕೊಬ್ಬು, ಅದರಡಿ ಬಿಳಿಯ ನಾರಿನ ಪಟ್ಟಿ, ಕೊನೆಗೊಂದು ತೆಳ್ಳನೆಯ ಪೊರೆ. ಅದನ್ನು ಎರಡು ಫೋರ್ಸೆಪ್ಸುಗಳಲ್ಲಿ ಮೇಲಕ್ಕೆತ್ತಿ, ಕರುಳೇನೂ ಸಿಕ್ಕಿಕೊಂಡಿಲ್ಲವಷ್ಟೆ ಎಂದು ಬೆರಳಲ್ಲಿ ಮುಟ್ಟಿ ನೋಡಿ, ಸರ್ಜನ್ ಕತ್ತರಿಯ ತುದಿಯಿಂದ ಒಂದು ಕಿಂಡಿ ಮಾಡುತ್ತಾರೆ. ಥಿಯೇಟರಿನಲ್ಲಿರುವ ಎಲ್ಲರ ಕಣ್ಣೂ ಆ ಕಿಂಡಿಯ ಮೇಲೆ. ಬುಸ್ಸೆಂದು ಗಾಳಿ ಬಂದರೆ ಜಠರವೋ ಕರುಳೋ ತೂತಾಗಿದೆ. ಮೂಗು ಮುಚ್ಚಿಕೊಳ್ಳುವಂಥ ಕಂದು ನೀರು ಬಂದರೆ ಅನುಮಾನ ದೊಡ್ಡ ಕರುಳಿನ ಕಡೆಗೆ. ಈಗ ಉಕ್ಕಿದ್ದು ಅದ್ಯಾವುದೂ ಅಲ್ಲ. ಹಳದಿ ಎನ್ನಬೇಕೋ ಹಸಿರು ಎನ್ನಬೇಕೋ ತೋಚದ, ಬೆಳಕು ಬಿದ್ದಲ್ಲಿ ಹೊನ್ನಿನ ಬಣ್ಣಕ್ಕೆ ತಿರುಗುವ, ವಾಸನೆಯೇ ಇಲ್ಲ ಎನ್ನಬಹುದಾದ ದ್ರವ. ‘ಬೈಲ್’ ಎನ್ನುತ್ತಾರೆ ಸರ್ಜನ್, ಯಾರಿಗೂ ಹೇಳಿದಂತಲ್ಲ. ಸಕ್ಷನ್ ನಳಿಕೆ ಒಳಗಿಳಿಯುತ್ತದೆ, ಗೋಡೆ ಬದಿಯ ಗಾಜಿನ ಬಾಟಲಿ ಗೊರಗೊರ ಸದ್ದಿನೊಂದಿಗೆ ಹಸಿರಾಗತೊಡಗುತ್ತದೆ.

ಇಂಥ ರಾತ್ರಿಗಳು ನಮ್ಮ ಯಾವ ಜಿಲ್ಲಾ ಆಸ್ಪತ್ರೆಗೂ ಹೊಸತಲ್ಲ. ಇಲ್ಲಿ ಬಿಡಿಸುತ್ತಿರುವುದು ಒಬ್ಬ ರೋಗಿಯ ಚಿತ್ರವೂ ಅಲ್ಲ, ಹಲವರದು. ಅವರ ಹಿಂದಿನ ಕಥೆ ಹೆಚ್ಚುಕಡಿಮೆ ಒಂದೇ. ಬಲಪಕ್ಕೆಯ ಕೆಳಗೆ ನೋವು, ಊಟವಾದ ಮೇಲೆ ಜಾಸ್ತಿ. ‘ಗ್ಯಾಸ್ಟ್ರಿಕ್’ ಎಂದುಕೊಂಡು ಸೋಡಾ, ಜೀರಿಗೆ ಕಷಾಯ, ಮೆಡಿಕಲ್ ಶಾಪಿನವನು ಕೊಟ್ಟ ಮಾತ್ರೆ. ಮೂರನೆಯ ದಿನ ನೋವು ಇದ್ದಕ್ಕಿದ್ದಂತೆ ಕಡಿಮೆ. ಮನೆಯವರಿಗೆ ನಿರಾಳ. ಬಿಗಿದು ನಿಂತಿದ್ದ ಪಿತ್ತಕೋಶ ಒಡೆದಾಗಲೂ ನೋವು ಹೀಗೆ ಇಳಿಯುವುದುಂಟು ಎಂದು ಅವರಿಗೆ ಯಾರು ಹೇಳಬೇಕು? ಆಮೇಲೆ ಹೊಟ್ಟೆ ಉಬ್ಬುತ್ತದೆ, ಚಳಿಜ್ವರ ಬರುತ್ತದೆ, ಮೂತ್ರ ಕಡಿಮೆಯಾಗುತ್ತದೆ. ನಾಡಿ ಓಡುತ್ತಿದೆ, ಬಿ.ಪಿ. ಕುಸಿಯುತ್ತಿದೆ ಎನ್ನುವಾಗ ಆಂಬುಲೆನ್ಸು.

ಸರ್ಜನ್ನಿನ ಕೈ ಈಗ ಯಕೃತ್ತಿನ ಅಡಿಗೆ ಹೋಗಿದೆ. ಅಲ್ಲಿ ಪಿತ್ತಕೋಶ ಊದಿ, ಕೆಂಪಗೆ, ಕೊಬ್ಬಿನ ಜಾಲರಿಯಲ್ಲಿ ಅರ್ಧ ಸುತ್ತಿಕೊಂಡು ಕೂತಿದೆ. ಅದರ ತುದಿಯಲ್ಲಿ, ರಕ್ತಸಂಚಾರ ಎಲ್ಲಕ್ಕಿಂತ ತೆಳುವಾಗಿರುವ ಜಾಗದಲ್ಲಿ, ಕಪ್ಪಿಟ್ಟ ಒಂದು ಮಚ್ಚೆ. ಮಚ್ಚೆಯ ನಡುವೆ ತೂತು. ತೂತಿನ ಬಾಯಲ್ಲೊಂದು ಕಲ್ಲು. ಪಿತ್ತಕೋಶ ಸಾಮಾನ್ಯವಾಗಿ ಒಡೆಯುವುದೇ ಅಲ್ಲಿ. ಒಡೆಯುವ ಬಗೆಗಳನ್ನು 1934ರಲ್ಲಿ ನೀಮಿಯರ್ ಎಂಬ ವೈದ್ಯ ಮೂರಾಗಿ ವಿಂಗಡಿಸಿದ. ಸುತ್ತಲಿನ ಅಂಗಾಂಶಗಳು ಬೇಗ ಬಂದು ಮುಚ್ಚಿ ಕೀವಿನ ಗಂಟು ಕಟ್ಟುವುದು ಒಂದು. ಪಕ್ಕದ ಕರುಳಿಗೇ ದಾರಿ ಕೊರೆದುಕೊಳ್ಳುವುದು ಇನ್ನೊಂದು. ಮೂರನೆಯದು ಯಾವ ತಡೆಯೂ ಇಲ್ಲದೆ ಇಡೀ ಹೊಟ್ಟೆಗೆ ಹರಿದುಬಿಡುವುದು. ಮೇಜಿನ ಮೇಲಿರುವುದು ಈ ಕೊನೆಯದು, ಎಲ್ಲಕ್ಕಿಂತ ಕೆಟ್ಟದ್ದು.

ಇದೇ ದ್ರವ ಇದ್ದಲ್ಲೇ ಇದ್ದಿದ್ದರೆ ಇಷ್ಟು ಹೊತ್ತಿಗೆ ರಾತ್ರಿಯ ಊಟ ಕರಗಿಸುತ್ತಿತ್ತು. ಯಕೃತ್ತು ದಿನಕ್ಕೆ ಸುಮಾರು 600ರಿಂದ 1000 ಮಿಲಿಲೀಟರ್ ಪಿತ್ತರಸ ಒಸರುತ್ತದೆ. ಹೊಸದಾಗಿ ಒಸರಿದ್ದು ಹೊನ್ನಿನ ಬಣ್ಣದ್ದು. ಪಿತ್ತಕೋಶದಲ್ಲಿ ಹಿಡಿಯುವುದು 30–50 ಮಿಲಿಲೀಟರ್ ಅಷ್ಟೆ, ಅದಕ್ಕೇ ಅದು ನೀರನ್ನು ಹೀರಿ ಹೀರಿ ಪಿತ್ತವನ್ನು ಹಲವು ಪಟ್ಟು ಗಟ್ಟಿ ಮಾಡಿ ಇಟ್ಟುಕೊಳ್ಳುತ್ತದೆ. ಆಗ ಬಣ್ಣವೂ ಕಡುಹಸಿರಿಗೆ, ಕಂದಿಗೆ ತಿರುಗುತ್ತದೆ. ಊಟದ ಕೊಬ್ಬು ಸಣ್ಣಕರುಳಿನ ಮೊದಲ ತಿರುವಿಗೆ ಬಂದಾಗ ಪಿತ್ತಕೋಶ ಹಿಂಡಿಕೊಳ್ಳುತ್ತದೆ. ಕೆಲಸ ಮುಗಿಸಿದ ಪಿತ್ತಲವಣಗಳಲ್ಲಿ ನೂರಕ್ಕೆ ಸುಮಾರು 95 ಪಾಲು ಸಣ್ಣಕರುಳಿನ ಕೊನೆಯಲ್ಲಿ ಮತ್ತೆ ಹೀರಲ್ಪಟ್ಟು, ರಕ್ತದ ಮೂಲಕ ಯಕೃತ್ತಿಗೆ ಮರಳುತ್ತವೆ. ಮೈಯಲ್ಲಿರುವ ಪಿತ್ತಲವಣದ ಒಟ್ಟು ತೂಕ ಎರಡರಿಂದ ನಾಲ್ಕು ಗ್ರಾಂ. ಅಷ್ಟೇ ಸರಕು ದಿನಕ್ಕೆ ಆರಕ್ಕಿಂತ ಹೆಚ್ಚು ಸುತ್ತು ಹೊಡೆಯುತ್ತದೆ. ಇಷ್ಟು ಜಿಪುಣತನದ ಲೆಕ್ಕ ಬೇರೆ ಯಾವ ಜೀರ್ಣರಸದಲ್ಲೂ ನನಗೆ ಕಂಡಿಲ್ಲ.

ಈ ಲವಣಗಳು ಹುಟ್ಟುವುದು ಕೊಲೆಸ್ಟರಾಲಿನಿಂದ. ಅವುಗಳ ರಚನೆಯ ಬಗೆಗಿನ ಸಂಶೋಧನೆಗೆ ಜರ್ಮನಿಯ ಹೈನ್‌ರಿಖ್ ವೀಲಾಂಡ್‌ಗೆ 1927ರ ರಸಾಯನಶಾಸ್ತ್ರದ ನೊಬೆಲ್ ಬಂತು. ಅಣುವಿನ ಒಂದು ಮೈ ನೀರಿಗೆ ಒಲಿದದ್ದು, ಇನ್ನೊಂದು ಮೈ ಕೊಬ್ಬಿಗೆ. ಎಣ್ಣೆ ಹೊಯ್ದುಕೊಂಡ ತಲೆಗೆ ಸೀಗೆಕಾಯಿ ಮಾಡುವ ಕೆಲಸವನ್ನೇ ಇವು ಕರುಳಿನಲ್ಲಿ ಮಾಡುತ್ತವೆ. ತೊಡಕು ಅಲ್ಲೇ ಇದೆ. ಜೀವಕೋಶದ ಹೊರಪೊರೆಯೂ ಕೊಬ್ಬಿನದೇ. ಊಟದ ಕೊಬ್ಬು ಯಾವುದು, ಕೋಶದ ಕೊಬ್ಬು ಯಾವುದು ಎಂಬ ಭೇದ ಪಿತ್ತಲವಣಕ್ಕೆ ತಿಳಿಯದು. ಪಿತ್ತನಾಳದಲ್ಲಿ ಲೆಸಿಥಿನ್ ಎಂಬ ಕೊಬ್ಬು ಅದರ ಜೊತೆಯಲ್ಲೇ ಹರಿದು ಹರಿತವನ್ನು ಮೊಂಡು ಮಾಡುತ್ತದೆ. ಕರುಳಿಗೂ ಪಿತ್ತಕೋಶಕ್ಕೂ ಲೋಳೆಯ ಹೊದಿಕೆಯಿದೆ. ಹೊಟ್ಟೆಯ ಒಳಪೊರೆಗೆ ಅಂಥ ಯಾವ ಏರ್ಪಾಡೂ ಇಲ್ಲ. ಪಿತ್ತ ಎಂದಾದರೂ ಅಲ್ಲಿಗೆ ಬರಬಹುದೆಂದು ದೇಹ ಎಣಿಸಿಯೇ ಇಲ್ಲ.

ಆ ಒಳಪೊರೆ, ವೈದ್ಯರು ಪೆರಿಟೋನಿಯಂ ಎನ್ನುವುದು, ನೋಡಲು ಚೆಂದ. ಆರೋಗ್ಯವಂತರ ಹೊಟ್ಟೆಯನ್ನು ಲ್ಯಾಪರೋಸ್ಕೋಪಿನಲ್ಲಿ ನೋಡಿದವರಿಗೆ ಗೊತ್ತು: ಕರುಳಿನ ಸುರುಳಿಗಳು ನಸುಗೆಂಪಾಗಿ, ಒದ್ದೆಯಾಗಿ, ಒಂದರ ಮೇಲೊಂದು ಜಾರುತ್ತ ಹೊಳೆಯುತ್ತವೆ. ಆ ಹೊಳಪು ಒಂದೇ ಒಂದು ಸಾಲು ಕೋಶಗಳದ್ದು. ಚಪ್ಪಟೆ ಕೋಶಗಳು ಅಂಚಿಗೆ ಅಂಚು ತಾಗಿಸಿಕೊಂಡು ಹಾಸಿವೆ. ಬಿಡಿಸಿ ಹರಡಿದರೆ ಇಡೀ ಪೊರೆ ನಮ್ಮ ಚರ್ಮದಷ್ಟೇ ಅಗಲ, ಒಂದೂಮುಕ್ಕಾಲು ಚದರ ಮೀಟರಿನ ಆಸುಪಾಸು. ಅಷ್ಟು ಅಗಲಕ್ಕೆ ಇರುವ ದ್ರವ ನೂರು ಮಿಲಿಲೀಟರನ್ನೂ ದಾಟುವುದಿಲ್ಲ. ಅದರಲ್ಲಿ ಕಾವಲಿನ ಕೋಶಗಳು, ಹೆಚ್ಚಾಗಿ ಮ್ಯಾಕ್ರೋಫೇಜ್‌ಗಳು, ಅಲೆದಾಡುತ್ತಿರುತ್ತವೆ.

ಈ ತೆಳುದ್ರವ ನಿಂತ ನೀರಲ್ಲ. ಉಸಿರಾಟದ ಏರಿಳಿತಕ್ಕೆ ಅದು ಮೆಲ್ಲಗೆ ಮೇಲಕ್ಕೆ, ಎದೆಗೂ ಹೊಟ್ಟೆಗೂ ನಡುವಿನ ವಪೆಯ ಕಡೆಗೆ ಹರಿಯುತ್ತದೆ. ವಪೆಯ ತಳಭಾಗದಲ್ಲಿ ಸಣ್ಣ ಬಾಯಿಗಳಿವೆ. 1863ರಲ್ಲಿ ಫಾನ್ ರೆಕ್ಲಿಂಗ್‌ಹೌಸೆನ್ ಗುರುತಿಸಿದವು. ಹೊಟ್ಟೆಗೆ ಬಿದ್ದ ಬ್ಯಾಕ್ಟೀರಿಯಾ ಕೆಲವೇ ನಿಮಿಷಗಳಲ್ಲಿ ಆ ಬಾಯಿಗಳ ಮೂಲಕ ದುಗ್ಧನಾಳ ಸೇರುತ್ತದೆ. ದೇಹದ ಮೊದಲ ರಕ್ಷಣೆ ಇದೇ: ತೊಳೆದು ಹೊರಗೆ ಕಳಿಸು. ಎರಡನೆಯದು ನುಂಗುವುದು. ಮ್ಯಾಕ್ರೋಫೇಜ್‌ಗಳು ಮೊದಲು ಕೈಹಚ್ಚುತ್ತವೆ, ಗಂಟೆಗಳೊಳಗೆ ರಕ್ತದಿಂದ ನ್ಯೂಟ್ರೋಫಿಲ್‌ಗಳ ದಂಡು ಇಳಿಯುತ್ತದೆ. ಮೂರನೆಯದು ಕಟ್ಟಿಹಾಕುವುದು. ಫೈಬ್ರಿನ್ ಎಂಬ ಅಂಟು ನಾರು ಕರುಳುಗಳನ್ನು ಒಂದಕ್ಕೊಂದು ಅಂಟಿಸುತ್ತದೆ, ಕೊಬ್ಬಿನ ಜಾಲರಿಯಾದ ಒಮೆಂಟಮ್ ನೋವಿನ ಜಾಗಕ್ಕೆ ತೆವಳಿ ಬಂದು ಅಪ್ಪಿಕೊಳ್ಳುತ್ತದೆ. ಬ್ರಿಟಿಷ್ ಸರ್ಜನ್ ರದರ್‌ಫರ್ಡ್ ಮಾರಿಸನ್ ಇದಕ್ಕೆ ‘ಹೊಟ್ಟೆಯ ಪೊಲೀಸ್’ ಎಂದು ಹೆಸರಿಟ್ಟ. ಹೆಸರು ನೂರು ವರ್ಷ ದಾಟಿದರೂ ನಮ್ಮ ಮೆಡಿಕಲ್ ಕಾಲೇಜುಗಳ ಪಾಠದಲ್ಲಿ ಇನ್ನೂ ಡ್ಯೂಟಿಯಲ್ಲಿದೆ.

ಪಿತ್ತ ಸುರಿಯುವುದು ಇಷ್ಟು ಅಚ್ಚುಕಟ್ಟಾದ ಜಾಗಕ್ಕೆ. ಯಕೃತ್ತಿನ ಅಡಿಯಿಂದ ಹೊರಟು ಬಲಬದಿಯ ಇಳಿಜಾರಿನಲ್ಲಿ, ದೊಡ್ಡ ಕರುಳಿನ ಪಕ್ಕದ ಕಾಲುವೆ ಹಿಡಿದು, ಅದು ಬಲ ಕೆಳಹೊಟ್ಟೆಗೆ ಇಳಿಯುತ್ತದೆ. ಅಲ್ಲಿ ನೋವು ತೋರಿದಾಗ ಎಂಥವರಿಗೂ ಅಪೆಂಡಿಕ್ಸ್ ಎನಿಸಬಹುದು. ಮೂಕಿಚಿತ್ರಗಳ ನಾಯಕ ರುಡಾಲ್ಫ್ ವ್ಯಾಲೆಂಟಿನೊ 1926ರ ಆಗಸ್ಟಿನಲ್ಲಿ ನ್ಯೂಯಾರ್ಕಿನಲ್ಲಿ ಕುಸಿದಾಗ ಮೊದಲು ಅನುಮಾನ ಬಿದ್ದದ್ದು ಅಪೆಂಡಿಕ್ಸ್ ಮೇಲೆಯೇ. ಇದ್ದದ್ದು ತೂತುಬಿದ್ದ ಹುಣ್ಣು. ಹುಣ್ಣಿನಿಂದ ಸೋರಿದ್ದು ಇದೇ ಇಳಿಜಾರಿನಲ್ಲಿ ಕೆಳಗಿಳಿದಿತ್ತು. 31ರ ಹರೆಯದಲ್ಲಿ ಆತ ತೀರಿಕೊಂಡ. ಮೇಲೆ ಸೋರಿ ಕೆಳಗೆ ನೋಯುವ ಈ ಬಗೆಗೆ ಸರ್ಜನ್‌ಗಳು ಇಂದಿಗೂ ಅವನ ಹೆಸರನ್ನೇ ಹೇಳುತ್ತಾರೆ.

ಪಿತ್ತ ಹರಿದ ಹಾದಿಯ ಒಂದು ಚೂರು ಪೊರೆಯನ್ನು ಕತ್ತರಿಸಿ, ಮೇಣದಲ್ಲಿ ಅದ್ದಿ, ತೆಳ್ಳಗೆ ಹೆರೆದು, ಎರಡು ಬಣ್ಣ ಹಾಕಿ ಸೂಕ್ಷ್ಮದರ್ಶಕದ ಅಡಿ ಇಟ್ಟರೆ ಉರಿಯೂತದ ಭೂಪಟವೇ ತೆರೆದುಕೊಳ್ಳುತ್ತದೆ. ಮೊದಲು ಕಣ್ಣಿಗೆ ಬೀಳುವುದು ಇಲ್ಲದಿರುವುದು: ಮೇಲಿನ ಆ ಒಂದು ಸಾಲು ಕೋಶಗಳು ಕಾಣುವುದಿಲ್ಲ. ಅಲ್ಲಲ್ಲಿ ಕಿತ್ತುಹೋಗಿವೆ, ಉಳಿದವು ಊದಿ ಅಂಚು ಬಿಟ್ಟುಕೊಂಡಿವೆ. ಅವುಗಳ ಜಾಗದಲ್ಲಿ ಗುಲಾಬಿ ಬಣ್ಣದ ಫೈಬ್ರಿನ್ನಿನ ಹಾಸು. ಹಾಸಿನಲ್ಲಿ ನೀಲಿ ಚುಕ್ಕೆಗಳು ಸಾವಿರ ಸಾವಿರ, ಒಂದೊಂದರ ಕೋಶಕೇಂದ್ರವೂ ಮೂರು ನಾಲ್ಕು ತುಂಡಾದಂತೆ ಕಾಣುತ್ತದೆ. ನ್ಯೂಟ್ರೋಫಿಲ್‌ಗಳು ಇವೇ. ಕೆಳಗಿನ ಅಂಗಾಂಶ ನೀರು ತುಂಬಿ ಬಿಳುಚಿಕೊಂಡಿದೆ, ನಾರುಗಳು ದೂರ ದೂರ ಸರಿದಿವೆ. ರಕ್ತನಾಳಗಳು ಅಗಲವಾಗಿ ತೆರೆದು ಕೆಂಪು ಕಣಗಳಿಂದ ಕಿಕ್ಕಿರಿದಿವೆ. ಒಂದನೆಯ ಶತಮಾನದ ರೋಮಿನಲ್ಲಿ ಸೆಲ್ಸಸ್ ಪಟ್ಟಿ ಮಾಡಿದ ಕೆಂಪು, ಊತ, ಬಿಸಿ, ನೋವು ಈ ನಾಲ್ಕರಲ್ಲಿ ಮೊದಲೆರಡು ಗಾಜಿನ ಮೇಲೆಯೇ ಕಾಣುತ್ತಿವೆ. ಸೋರಿಕೆ ಹಳೆಯದಾಗಿದ್ದರೆ ಪಿತ್ತದ ಬಣ್ಣ ನುಂಗಿ ಹಸಿರುಗಂದು ಬಣ್ಣಕ್ಕೆ ತಿರುಗಿದ ಮ್ಯಾಕ್ರೋಫೇಜ್‌ಗಳೂ, ಹಲವು ಕೇಂದ್ರಗಳ ದೈತ್ಯಕೋಶಗಳೂ ಸಿಗುತ್ತವೆ.

ಊತವೆಂದರೆ ಇಲ್ಲಿ ಸಣ್ಣ ಮಾತಲ್ಲ. ಒಂದೂಮುಕ್ಕಾಲು ಚದರ ಮೀಟರ್ ಅಗಲದ ಪೊರೆ ಎಲ್ಲೆಡೆ ಒಂದು ಮಿಲಿಮೀಟರ್ ದಪ್ಪವಾದರೆ ಸಾಕು, ಒಂದೂಮುಕ್ಕಾಲು ಲೀಟರ್ ನೀರು ಅದರೊಳಗೆ ಅಡಗಿತು. ಹೊಟ್ಟೆಯೊಳಗೆ ಒಸರಿ ನಿಂತದ್ದು, ಸ್ತಬ್ಧವಾದ ಕರುಳಿನೊಳಗೆ ತುಂಬಿಕೊಂಡದ್ದು ಬೇರೆ. ಎಲ್ಲವೂ ರಕ್ತದಿಂದಲೇ ಹೋದದ್ದು. ಹೊರಗೆ ಒಂದು ಹನಿ ರಕ್ತ ಚೆಲ್ಲದೆಯೂ ಬಿ.ಪಿ. ಬೀಳುವುದು ಹೀಗೆ. ಅದಕ್ಕೇ ಅರಿವಳಿಕೆ ತಜ್ಞರು ಚಾಕು ಮುಟ್ಟಿಸುವ ಮೊದಲೇ ಬಾಟಲಿಯ ಮೇಲೆ ಬಾಟಲಿ ಸಲೈನ್ ಹರಿಸುತ್ತಾರೆ.

ಪಿತ್ತವೊಂದೇ ಸೋರಿದರೆ, ಅದರಲ್ಲಿ ಬ್ಯಾಕ್ಟೀರಿಯಾ ಇಲ್ಲದಿದ್ದರೆ, ಹೊಟ್ಟೆ ಅದನ್ನು ಎಷ್ಟೋ ಸಲ ಸಹಿಸಿಕೊಂಡುಬಿಡುತ್ತದೆ. ಆರೋಗ್ಯವಂತರ ಪಿತ್ತದಲ್ಲಿ ಬ್ಯಾಕ್ಟೀರಿಯಾ ಸಾಮಾನ್ಯವಾಗಿ ಇರುವುದಿಲ್ಲ. ಅಂಥ ಪಿತ್ತ ಲೀಟರುಗಟ್ಟಲೆ ಹೊಟ್ಟೆಯಲ್ಲಿ ನಿಂತಿದ್ದೂ, ರೋಗಿ ಎದ್ದು ಓಡಾಡುತ್ತ, ‘ಸ್ವಲ್ಪ ಉಬ್ಬರ’ ಎಂದಷ್ಟೇ ದೂರಿದ್ದೂ ಉಂಟು. ಹುಣ್ಣು ಒಡೆದು ಜಠರದ ಆಮ್ಲ ಸುರಿದಾಗ ಹೊಟ್ಟೆ ಹಲಗೆಯಷ್ಟು ಗಡುಸಾಗುವುದನ್ನು ಕಂಡವರು, ಪಿತ್ತ ತುಂಬಿದ ಮೆತ್ತನೆಯ ಹೊಟ್ಟೆಯನ್ನು ಮುಟ್ಟಿ ಮೋಸಹೋಗುತ್ತಾರೆ. ಆದರೆ ಕಲ್ಲಿದ್ದ, ಊದಿದ್ದ ಪಿತ್ತಕೋಶದಿಂದ ಸುರಿದ ಪಿತ್ತದ ಜೊತೆ ಈ ಕೊಲೈ, ಕ್ಲೆಬ್ಸಿಯೆಲ್ಲಾ, ಎಂಟರೋಕಾಕಸ್ ಎಂಬ ಕರುಳಿನ ಬ್ಯಾಕ್ಟೀರಿಯಾಗಳು ಬರುತ್ತವೆ. ಆಗಿನ ಹೊಟ್ಟೆ ಬೇರೆಯದೇ.

ಎರಡೂ ಸೇರಿದಾಗ ಆಗುವುದು ಬರಿಯ ಕೂಡಿಕೆಯಲ್ಲ. ಪ್ರಯೋಗಾಲಯದ ಇಲಿಗಳಲ್ಲಿ ಇದನ್ನು ದಶಕಗಳಿಂದ ನೋಡುತ್ತ ಬಂದಿದ್ದಾರೆ. ಒಂದು ಅಳತೆಯ ಈ ಕೊಲೈ ಮಾತ್ರ ಹೊಟ್ಟೆಗೆ ಹಾಕಿದರೆ ಇಲಿ ಅದನ್ನು ತೊಳೆದು, ನುಂಗಿ, ಸುಧಾರಿಸಿಕೊಳ್ಳಬಲ್ಲದು. ಅದೇ ಅಳತೆಗೆ ಪಿತ್ತವನ್ನೋ ಪಿತ್ತಲವಣವನ್ನೋ ಬೆರೆಸಿದರೆ ಸಾವು ಏರುತ್ತದೆ. ಹೀಗೆ ಸೋಂಕಿಗೆ ಒತ್ತಾಸೆ ಕೊಡುವ ವಸ್ತುಗಳ ಒಂದು ಗುಂಪೇ ಇದೆ: ಹಿಮೋಗ್ಲೋಬಿನ್, ಲೋಳೆ, ಮಲದ ಕಣ, ಎಕ್ಸ್-ರೇಗೆ ಕುಡಿಸುವ ಬೇರಿಯಂ, ಸತ್ತ ಅಂಗಾಂಶ. ಆ ಗುಂಪಿನಲ್ಲಿ ಪಿತ್ತ ಹಲವು ಕೈಗಳಿಂದ ಕೆಲಸ ಮಾಡುತ್ತದೆ ಎಂಬುದು ಅದರ ವಿಶೇಷ. ಒಂದು ಕೈಯಿಂದ ಪೊರೆಯ ಕೋಶಗಳನ್ನು ಕಿತ್ತು ಬ್ಯಾಕ್ಟೀರಿಯಾಗೆ ಬರಿಯ ನೆಲ ಒದಗಿಸುತ್ತದೆ. ಇನ್ನೊಂದರಿಂದ ನುಂಗುವ ಕೋಶಗಳನ್ನೇ ದುರ್ಬಲ ಮಾಡುತ್ತದೆ. ದಂಡು ಬಂದಿದೆ, ಸ್ಲೈಡಿನಲ್ಲಿ ನೀಲಿ ಚುಕ್ಕೆಗಳಿಗೆ ಬರವಿಲ್ಲ, ಆದರೆ ಕೈ ಏಳುತ್ತಿಲ್ಲ. ಅಲ್ಲಲ್ಲಿ ಒಸರಿದ ಕೆಂಪುಕಣಗಳನ್ನೂ ಪಿತ್ತಲವಣ ಒಡೆಯುತ್ತದೆ. ಒಡೆದ ಕಣದಿಂದ ಬಿಡುಗಡೆಯಾದ ಹಿಮೋಗ್ಲೋಬಿನ್, ಅದರಲ್ಲಿನ ಕಬ್ಬಿಣ, ಈ ಕೊಲೈಗೆ ಪುಷ್ಕಳ ಊಟ.

ಹಾಗಾದರೆ ಕೋಶಗಳನ್ನು ಕರಗಿಸುವ ಪಿತ್ತ ಬ್ಯಾಕ್ಟೀರಿಯಾವನ್ನು ಯಾಕೆ ಬಿಟ್ಟಿತು? ಎಲ್ಲವನ್ನೂ ಬಿಟ್ಟಿಲ್ಲ. ನ್ಯುಮೋನಿಯಾ ತರುವ ನ್ಯುಮೋಕಾಕಸ್ ಪಿತ್ತದಲ್ಲಿ ಕರಗಿಹೋಗುವುದನ್ನು 1900ರಲ್ಲೇ ಜರ್ಮನಿಯ ಫ್ರೆಡ್ ನಾಯ್‌ಫೆಲ್ಡ್ ಕಂಡಿದ್ದ. ಲ್ಯಾಬುಗಳಲ್ಲಿ ಆ ಜಾತಿಯನ್ನು ಗುರುತಿಸಲು ಇಂದಿಗೂ ಅದನ್ನೇ ಬಳಸುತ್ತಾರೆ. ಆದರೆ ಕರುಳಿನಲ್ಲಿ ಬೀಡುಬಿಟ್ಟ ಜಾತಿಗಳು ಪಿತ್ತದ ನಡುವೆಯೇ ವಂಶೋದ್ಧಾರ ಮಾಡಿಕೊಂಡು ಬಂದವು. ಈ ಕೊಲೈಯಂಥವಕ್ಕೆ ಎರಡನೆಯ ಹೊರಪೊರೆಯಿದೆ, ಒಳಬಂದ ಪಿತ್ತವನ್ನು ಹೊರದಬ್ಬುವ ಪಂಪುಗಳಿವೆ. ಲಿವರ್‌ಪೂಲಿನಲ್ಲಿ ಚರಂಡಿ ನೀರನ್ನು ಪರೀಕ್ಷಿಸುತ್ತಿದ್ದ ಆಲ್ಫ್ರೆಡ್ ಮೆಕಾಂಕಿ ಇದನ್ನು ಜಾಣತನದಿಂದ ಬಳಸಿಕೊಂಡ. 20ನೆಯ ಶತಮಾನ ಹುಟ್ಟುತ್ತಿದ್ದ ಹೊತ್ತದು. ಬ್ಯಾಕ್ಟೀರಿಯಾ ಬೆಳೆಸುವ ಹಾಸಿಗೆ ಪಿತ್ತಲವಣ ಬೆರೆಸಿದ. ಬೇರೆಯವು ಸತ್ತವು, ಕರುಳಿನವು ಬೆಳೆದವು. ಮೆಕಾಂಕಿ ಅಗಾರ್ ಇಲ್ಲದ ಮೈಕ್ರೋಬಯಾಲಜಿ ಲ್ಯಾಬು ನಮ್ಮಲ್ಲಿ ಇರಲಾರದು. ಈ ರಾತ್ರಿ ಥಿಯೇಟರಿನಿಂದ ಸಿರಿಂಜಿನಲ್ಲಿ ಹೋದ ಹಸಿರು ದ್ರವದ ಒಂದು ಹನಿ ನಾಳೆ ಬೆಳಿಗ್ಗೆ ಅದೇ ಹಾಸಿನ ಮೇಲೆ ದುಂಡುದುಂಡಾದ ಗುಲಾಬಿ ಚುಕ್ಕೆಗಳಾಗಿ ಎದ್ದಿರುತ್ತದೆ. ಅವು ಈ ಕೊಲೈ. ಎಂಟರೋಕಾಕಸ್ಸಂತೂ ನೂರಕ್ಕೆ 40 ಪಾಲು ಪಿತ್ತವಿರುವ ಹಾಸಿನಲ್ಲೂ ಬೆಳೆಯುತ್ತದೆ.

ಬ್ಯಾಕ್ಟೀರಾಯ್ಡ್ಸ್ ಫ್ರಾಜಿಲಿಸ್ ಎಂಬ ಮತ್ತೊಂದಿದೆ, ಗಾಳಿ ಸೋಕಿದರೆ ಬೆಳೆಯದ ಜಾತಿ. ಪಿತ್ತವಿದ್ದರೆ ಅದಕ್ಕೆ ಹಿಗ್ಗು. 1970ರ ದಶಕದಲ್ಲಿ ಅಮೆರಿಕದ ಸಂಶೋಧಕರು ಕರುಳಿನ ಬ್ಯಾಕ್ಟೀರಿಯಾ ತುಂಬಿದ ಜೆಲಾಟಿನ್ ಕ್ಯಾಪ್ಸೂಲುಗಳನ್ನು ಇಲಿಯ ಹೊಟ್ಟೆಯಲ್ಲಿಟ್ಟು ನೋಡಿದರು. ರೋಗ ಎರಡು ಅಂಕಗಳಲ್ಲಿ ನಡೆಯಿತು. ಮೊದಲ ದಿನಗಳಲ್ಲಿ ಈ ಕೊಲೈ ರಕ್ತಕ್ಕೇರಿ ಕೆಲವನ್ನು ಕೊಂದಿತು. ಬದುಕಿ ಉಳಿದವುಗಳ ಹೊಟ್ಟೆಯಲ್ಲಿ ವಾರದೊಳಗೆ ಕೀವಿನ ಗಂಟುಗಳು ಕಟ್ಟಿದವು, ಗಂಟು ಕಟ್ಟುವುದರಲ್ಲಿ ಮುಂದಿದ್ದದ್ದು ಬ್ಯಾಕ್ಟೀರಾಯ್ಡ್ಸ್. ಸರ್ಜನ್ ಇವತ್ತು ಹೊಟ್ಟೆ ತೊಳೆದು ಹೊಲಿದರೂ ಒಂದು ವಾರ ಜ್ವರದ ಚಾರ್ಟಿನ ಮೇಲೆ ಕಣ್ಣಿಟ್ಟಿರುವುದು ಆ ಎರಡನೆಯ ಅಂಕಕ್ಕೆ ಹೆದರಿ. ಇಲ್ಲಿ ಟೈಫಾಯ್ಡಿನ ಸಾಲ್ಮೊನೆಲ್ಲಾವನ್ನೂ ನೆನೆಯಬೇಕು. ಅದು ಪಿತ್ತಕೋಶದಲ್ಲೇ ವರ್ಷಗಟ್ಟಲೆ ಬಾಡಿಗೆಯಿಲ್ಲದೆ ಇರಬಲ್ಲದು. ನ್ಯೂಯಾರ್ಕಿನ ಅಡುಗೆಯಾಕೆ ಮೇರಿ ಮ್ಯಾಲನ್ ತನಗೆ ಯಾವ ರೋಗವೂ ಇಲ್ಲವೆನ್ನುತ್ತಲೇ ಹಲವರಿಗೆ ಟೈಫಾಯ್ಡ್ ಹಂಚಿದಳು. ಪಿತ್ತಕೋಶ ತೆಗೆಸಿಕೋ ಎಂದರೆ ಒಪ್ಪಲಿಲ್ಲ. 1938ರಲ್ಲಿ ದ್ವೀಪವೊಂದರ ದಿಗ್ಬಂಧನದಲ್ಲೇ ಸತ್ತಳು.

ಪಿತ್ತ ಬರಿಯ ಖಳನಾಯಕನಾಗಿದ್ದರೆ ಚಿತ್ರ ಇಲ್ಲಿಗೆ ಮುಗಿಯುತ್ತಿತ್ತು. ಆದರೆ ಉರಿಯೂತದೊಂದಿಗೆ ಅದರ ನಂಟು ಎರಡು ಮುಖದ್ದು. ಕರುಳಿನೊಳಗೆ ಪಿತ್ತ ದೇಹದ ಪಕ್ಷದಲ್ಲಿದೆ. ಈ ಕೊಲೈಯಂಥವು ಸತ್ತಾಗ ಬಿಡುವ ಎಂಡೋಟಾಕ್ಸಿನ್ ಎಂಬ ವಿಷವನ್ನು ಪಿತ್ತಲವಣಗಳ ಮೂಲವಾದ ಪಿತ್ತಾಮ್ಲಗಳು ಚೂರು ಮಾಡಿ ಹಲ್ಲು ಕೀಳುತ್ತವೆ ಎಂದು ಹಂಗೇರಿಯ ಲೋರಾಂಡ್ ಬರ್ತೋಕ್ 1977ರಲ್ಲಿ ವಾದಿಸಿದ. ಪಿತ್ತನಾಳ ಕಲ್ಲಿನಿಂದಲೋ ಗೆಡ್ಡೆಯಿಂದಲೋ ಕಟ್ಟಿಕೊಂಡು ಕಾಮಾಲೆಯಾದವರಲ್ಲಿ ಆ ವಿಷ ರಕ್ತಕ್ಕೆ ನುಸುಳುವುದಕ್ಕೆ ಕರುಳಿನಲ್ಲಿ ಪಿತ್ತವಿಲ್ಲದಿರುವುದೂ ಒಂದು ಕಾರಣ. ಒಳಗೆ ಪಿತ್ತ ಬಾರದಿದ್ದರೂ ಕಷ್ಟ, ಹೊರಗೆ ಬಂದರೂ ಕಷ್ಟ.

ಇನ್ನೂ ಒಳಗಿನ ಸಂಗತಿಯೊಂದಿದೆ. ಪಿತ್ತಾಮ್ಲ ಬರಿಯ ಸಾಬೂನಲ್ಲ, ಅದು ಕೋಶಗಳಿಗೆ ಸಂದೇಶವನ್ನೂ ಒಯ್ಯುತ್ತದೆ ಎಂದು 1999ರಿಂದೀಚೆಗೆ ತಿಳಿಯಿತು. ಎಫ್‌ಎಕ್ಸ್‌ಆರ್ ಎಂಬ ಗ್ರಾಹಕ ಅದನ್ನು ಗುರುತಿಸುತ್ತದೆ ಎಂದು ಆ ವರ್ಷ ಪತ್ತೆಯಾಯಿತು. ಆಮೇಲೆ ಟಿಜಿಆರ್‌5 ಎಂಬ ಇನ್ನೊಂದು, ಅದೂ ಮ್ಯಾಕ್ರೋಫೇಜಿನ ಮೈಮೇಲೆಯೇ. 2003ರಲ್ಲಿ ಜಪಾನಿನ ಸಂಶೋಧಕರು ತೋರಿಸಿದಂತೆ, ಟಿಜಿಆರ್‌5ಕ್ಕೆ ಪಿತ್ತಾಮ್ಲ ತಾಗಿದರೆ ಎಂಡೋಟಾಕ್ಸಿನ್ ಕಂಡು ರೊಚ್ಚಿಗೇಳಬೇಕಾದ ಮ್ಯಾಕ್ರೋಫೇಜ್ ತಣ್ಣಗಾಗುತ್ತದೆ. ಉರಿಯೂತದ ಕರೆಗಂಟೆಯಾದ ಟಿಎನ್‌ಎಫ್ ಕಡಿಮೆ ಸ್ರವಿಸುತ್ತದೆ. ಪಿತ್ತಕ್ಕೆ ಬಣ್ಣ ಕೊಡುವ ಬಿಲಿರುಬಿನ್ನೂ ಒಳ್ಳೆಯ ಆಂಟಿಆಕ್ಸಿಡೆಂಟ್ ಎಂದು 1987ರಲ್ಲೇ ತೋರಿಸಿದ್ದಾರೆ. ಇದಕ್ಕೆ ತಿರುಗುಮುರುಗಾಗಿ ಪಿತ್ತಾಮ್ಲ ಮ್ಯಾಕ್ರೋಫೇಜನ್ನು ಕೆರಳಿಸುತ್ತದೆ ಎನ್ನುವ ಪ್ರಯೋಗಗಳೂ ಇವೆ. ಪಿತ್ತಾಮ್ಲದ ಜಾತಿ ಯಾವುದು, ಎಷ್ಟು ಗಟ್ಟಿ, ಎಷ್ಟು ಹೊತ್ತು ಎಂಬುದರ ಮೇಲೆ ಫಲ ತಿರುಗುತ್ತದೆ. ಪ್ರಯೋಗಾಲಯದ ತಟ್ಟೆಯ ಒಂದು ಹನಿಯ ಫಲವನ್ನು ಹೊಟ್ಟೆಯ ತುಂಬ ನಿಂತ ಲೀಟರಿಗೆ ಅನ್ವಯಿಸಿ, ಪಿತ್ತ ಉರಿಯೂತ ಶಮನಕಾರಿ ಎಂದು ಬರೆಯುವವರನ್ನು ಕಂಡರೆ ನನಗೆ ಪಿತ್ತ ನೆತ್ತಿಗೇರುತ್ತದೆ.

ನನ್ನ ಮಟ್ಟಿಗೆ ಈ ಎರಡು ಮುಖಗಳು ಜಗಳವಾಡುತ್ತಿಲ್ಲ. ಅಂಗಾಂಶವನ್ನು ಸುಡುವುದೂ ಕಾವಲನ್ನು ತಣ್ಣಗಾಗಿಸುವುದೂ ಒಂದೇ ಹೊಟ್ಟೆಯಲ್ಲಿ ಒಟ್ಟಿಗೇ ನಡೆಯಬಲ್ಲವು, ಎರಡರಿಂದಲೂ ಲಾಭ ಬ್ಯಾಕ್ಟೀರಿಯಾಕ್ಕೆ. ಉರಿಯೂತ ದೇಹದ ಕೂಗು. ಗಾಯವಿದ್ದೂ ಕೂಗು ತಗ್ಗಿತೆಂದರೆ ನೆರವು ತಡವಾಗಿ ಬರುತ್ತದೆ. ಪಿತ್ತ ತುಂಬಿದ ಹೊಟ್ಟೆ ಮೊದಲ ದಿನಗಳಲ್ಲಿ ಮೆತ್ತಗಿರುವುದನ್ನು ಸರ್ಜನ್‌ಗಳು ಒಳ್ಳೆಯ ಶಕುನವೆಂದು ತಿಳಿಯದಿರುವುದು ಸರಿಯೇ ಇದೆ.

ಥಿಯೇಟರಿನಲ್ಲಿ ಪಿತ್ತಕೋಶ ಹೊರಬಂದು ಕಿಡ್ನಿ ಟ್ರೇ ಸೇರಿದೆ. ಕಲ್ಲುಗಳನ್ನು ನರ್ಸ್ ಗಾಜಿನ ಸೀಸೆಗೆ ಹಾಕುತ್ತಾರೆ, ಹೊರಗೆ ಕಾದಿರುವ ಮನೆಯವರಿಗೆ ತೋರಿಸಲು. ಇನ್ನು ತೊಳೆಯುವ ಕೆಲಸ. ಬೆಚ್ಚಗಿನ ಸಲೈನನ್ನು ಬಟ್ಟಲು ಬಟ್ಟಲಾಗಿ ಸುರಿಯುತ್ತಾರೆ. ಯಕೃತ್ತಿನ ಮೇಲೆ, ಅಡಿಯಲ್ಲಿ, ಬಲಗಾಲುವೆಯಲ್ಲಿ, ಎಡಗಾಲುವೆಯಲ್ಲಿ, ಕರುಳಿನ ಸುರುಳಿಗಳ ನಡುವೆ, ಕಿಬ್ಬೊಟ್ಟೆಯ ಗುಣಿಯಲ್ಲಿ. ಕೈಯಿಂದ ಮೆಲ್ಲಗೆ ಕಲಕಿ ಹೀರುತ್ತಾರೆ. ಮೊದಲ ಬಟ್ಟಲು ಹಸಿರಾಗಿ ಮರಳುತ್ತದೆ, ಆಮೇಲೆ ಮಬ್ಬು ಹಳದಿ, ಆಮೇಲೆ ಬೂದು. ಬಂದದ್ದು ಹಾಕಿದ್ದರಷ್ಟೇ ತಿಳಿಯಾಗುವವರೆಗೆ ನಿಲ್ಲಿಸುವಂತಿಲ್ಲ, ಹಲವು ಲೀಟರು ಬೇಕಾಗುತ್ತದೆ. ಕರುಳಿಗೆ ಅಂಟಿದ ಫೈಬ್ರಿನ್ ಪದರಗಳಲ್ಲಿ ಸಡಿಲವಾದದ್ದನ್ನಷ್ಟೇ ತೆಗೆದು, ಗಟ್ಟಿಯಾದದ್ದನ್ನು ಬಿಡುತ್ತಾರೆ. ಕಿತ್ತರೆ ಕರುಳೇ ಕಿತ್ತುಬಂದೀತು. ಯಕೃತ್ತಿನ ಅಡಿಯಲ್ಲೊಂದು ಡ್ರೇನ್ ನಳಿಕೆ ಇಟ್ಟು ಹೊಲಿಯುತ್ತಾರೆ. ನಾಳೆಯಿಂದ ರೌಂಡ್ಸಿನಲ್ಲಿ ಎಲ್ಲರೂ ಮೊದಲು ಬಗ್ಗಿ ನೋಡುವುದು ಆ ನಳಿಕೆಯ ಚೀಲದ ಬಣ್ಣವನ್ನು.

ಪಿತ್ತಕೋಶ ಒಡೆಯದೆಯೂ, ಅದನ್ನು ತೆಗೆಸಿಕೊಂಡ ಮೇಲೂ ಈ ಪಾಡು ಬರಬಹುದು. ಬರ್ಲಿನ್ನಿನಲ್ಲಿ ಕಾರ್ಲ್ ಲಾಂಗೆನ್‌ಬುಖ್ 1882ರಲ್ಲಿ ಮೊದಲ ಬಾರಿ ಪಿತ್ತಕೋಶ ತೆಗೆದಾಗ ದೊಡ್ಡ ಗಾಯ ಅನಿವಾರ್ಯವಾಗಿತ್ತು. 1985ರಲ್ಲಿ ಜರ್ಮನಿಯಲ್ಲೇ ಎರಿಖ್ ಮ್ಯೂಹೆ ಅದನ್ನು ಲ್ಯಾಪರೋಸ್ಕೋಪಿನಲ್ಲಿ ಮಾಡಿದ. ಈಗ ನಮ್ಮ ತಾಲೂಕು ಪಟ್ಟಣಗಳಲ್ಲೂ ‘ಮೂರು ತೂತಿನ ಆಪರೇಷನ್’, ‘ನಾಲ್ಕು ತೂತಿನ ಆಪರೇಷನ್’ ಸಾಮಾನ್ಯ. ಬಹುಪಾಲು ಮಂದಿ ಒಂದೆರಡು ದಿನಕ್ಕೇ ಮನೆಗೆ ಹೋಗುತ್ತಾರೆ, ಚೆನ್ನಾಗಿಯೂ ಇರುತ್ತಾರೆ. ಅಪರೂಪಕ್ಕೆ ಒಬ್ಬರಲ್ಲಿ ನಾಳದ ಮೋಟು ತುದಿಯ ಕ್ಲಿಪ್ ಸಡಿಲವಾಗಿಯೋ, ಯಕೃತ್ತಿನ ಹಾಸಿನಲ್ಲಿ ಕಣ್ಣಿಗೆ ಬೀಳದ ಕಿರುನಾಳ ತೆರೆದುಕೊಂಡೋ ಪಿತ್ತ ಸೋರತೊಡಗುತ್ತದೆ. ಇದನ್ನು ಬೇಗ ಹಿಡಿದರೆ ಮತ್ತೆ ಹೊಟ್ಟೆ ಕೊಯ್ಯುವ ಪ್ರಮೇಯವೇ ಬಾರದಿರಬಹುದು. ಅಲ್ಟ್ರಾಸೌಂಡ್ ನೋಡಿಕೊಂಡು ಸೂಜಿಯ ದಾರಿಯಲ್ಲೊಂದು ನಳಿಕೆ ಇಟ್ಟು ನಿಂತದ್ದನ್ನು ಹೊರತೆಗೆಯುತ್ತಾರೆ. ಬಾಯಿಯ ಮೂಲಕ ಎಂಡೋಸ್ಕೋಪ್ ಇಳಿಸಿ, ಪಿತ್ತನಾಳ ಕರುಳಿಗೆ ತೆರೆಯುವ ಬಿಗಿಬಾಯಿಗೆ ಒಂದು ಸ್ಟೆಂಟ್ ಕೂರಿಸುತ್ತಾರೆ. ಅಲ್ಲಿನ ಒತ್ತಡ ಇಳಿದ ಕೂಡಲೇ ಪಿತ್ತ ಸುಲಭದ ಹಾದಿ ಹಿಡಿದು ಕರುಳಿಗೇ ಹರಿಯುತ್ತದೆ, ಸೋರುವ ಬಾಯಿ ಒಣಗಿ ಮುಚ್ಚುತ್ತದೆ.

ತಡವಾದರೆ ಆ ಸುಲಭದ ದಾರಿಗಳು ಕಡಿಮೆಯಾಗುತ್ತ ಹೋಗುತ್ತವೆ. ಸೋರಿ ನಿಂತ ಪಿತ್ತ ಇವತ್ತು ಬ್ಯಾಕ್ಟೀರಿಯಾ ಇಲ್ಲದ್ದಿರಬಹುದು, ನಾಳೆಯೂ ಹಾಗೆಯೇ ಇದ್ದೀತೆಂದು ನೆಚ್ಚುವಂತಿಲ್ಲ. ಪಿತ್ತಕೋಶದ ಆಪರೇಷನ್ ಆಗಿ ವಾರದೊಳಗೆ ನೋವು ಇಳಿಯುವ ಬದಲು ಏರುತ್ತಿದ್ದರೆ, ಹೊಟ್ಟೆ ಉಬ್ಬಿದರೆ, ಜ್ವರ ಬಂದರೆ, ವಾಕರಿಕೆ ನಿಲ್ಲದಿದ್ದರೆ, ಕಣ್ಣು ಹಳದಿಯಾದರೆ, ಗ್ಯಾಸಿನ ಮಾತ್ರೆ ನುಂಗಿ ಮಲಗಬೇಡಿ. ಫೋನಿನಲ್ಲಿ ವಿಚಾರಿಸಿ ಸುಮ್ಮನಾಗಲೂಬೇಡಿ. ಆಪರೇಷನ್ ಮಾಡಿದ ಸರ್ಜನ್ನಿನ ಬಳಿಗೆ ಅದೇ ದಿನ ಮರಳಿ ಹೋಗಿ, ಅಲ್ಟ್ರಾಸೌಂಡ್ ಮಾಡಿಸಿ ಎಂದು ನೀವಾಗಿಯೇ ಕೇಳಿ.